ಕಚೇರಿಯ ಇಮೇಲ್‌ಗೆ ಕ್ಯಾಲೆಂಡರ್ ಜೋಡಿಸುವುದು ಹೇಗೆ?

ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಸಹಕಾರ ಸಂಘಗಳಿಗೆ ಸುತ್ತೋಲೆ, ಲೆಕ್ಕಪರಿಶೋಧಕರ ಪತ್ರ, ಗೊಬ್ಬರದ ಬಿಲ್ಲುಗಳು ಈಗ ಇಮೇಲ್‌ನಲ್ಲಿ ಬರುತ್ತವೆಯಾದರೂ, ಅವುಗಳಲ್ಲಿರುವ ಕೊನೆಯ ದಿನಾಂಕಗಳು ಇನ್ನೂ ಕಾರ್ಯದರ್ಶಿಯ ನೆನಪಿನಲ್ಲೋ ಗೋಡೆಯ ಕ್ಯಾಲೆಂಡರಿನ ಅಂಚಿನಲ್ಲೋ ಉಳಿದಿರುತ್ತವೆ. ದಿನಾಂಕವಿರುವ ಪತ್ರವನ್ನು ಓದಿದ ಕೂಡಲೇ ಕ್ಯಾಲೆಂಡರಿಗೆ ಸೇರಿಸುವ ಕ್ರಮವನ್ನು ಜಿಮೇಲ್ ಮತ್ತು ಗೂಗಲ್ ಕ್ಯಾಲೆಂಡರ್ ಬಳಸಿ ಇಲ್ಲಿ ವಿವರಿಸಲಾಗಿದೆ. ಔಟ್‌ಲುಕ್‌ನಲ್ಲಿ ಇವೆರಡೂ ಒಂದೇ ತಂತ್ರಾಂಶದಲ್ಲಿವೆ.

ಮೊದಲಿಗೆ ಕಚೇರಿಯ ಹೆಸರಿನಲ್ಲೇ ಒಂದು ಖಾತೆ ತೆರೆಯಬೇಕು. ಗುಮಾಸ್ತರ ಸ್ವಂತ ಖಾತೆಯಲ್ಲಿ ವ್ಯವಹಾರ ನಡೆದರೆ, ಅವರು ಕೆಲಸ ಬಿಟ್ಟ ದಿನ ಪತ್ರಗಳೂ ಅವರೊಂದಿಗೇ ಹೋಗುತ್ತವೆ. ಪಾಸ್‌ವರ್ಡ್ ಮರೆತಾಗ ಬೇಕಾಗುವ ಮೊಬೈಲ್ ಸಂಖ್ಯೆಯೂ ಕಚೇರಿಯದೇ ಆಗಿರಲಿ. ಉಚಿತವಾಗಿ ಸಿಗುವ 15 ಜಿಬಿ ಜಾಗ ಸಣ್ಣ ಕಚೇರಿಗೆ ಬಹುಕಾಲ ಸಾಕಾಗುತ್ತದೆ. ಪತ್ರಗಳನ್ನು ವಿಂಗಡಿಸಲು ಹಚ್ಚುವ ಹೆಸರುಗಳು, ಅಂದರೆ ಲೇಬಲ್‌ಗಳು, ನಾಲ್ಕೈದಿದ್ದರೆ ಸಾಕು. ಹುಡುಕುವ ಸೌಲಭ್ಯ ಚೆನ್ನಾಗಿರುವುದರಿಂದ ಅದಕ್ಕಿಂತ ಹೆಚ್ಚಿನ ವಿಂಗಡಣೆ ವ್ಯರ್ಥ ಶ್ರಮವೆಂದೇ ಹೇಳಬೇಕು.

ಮುಖ್ಯವಾದ ಹಂತ ಇನ್ನು ಮುಂದಿನದು. ಕಂಪ್ಯೂಟರಿನಲ್ಲಿ ಪತ್ರವನ್ನು ತೆರೆದು, ಮೇಲಿನ ಮೂರು ಚುಕ್ಕಿಗಳನ್ನು ಒತ್ತಿ, ‘ಕ್ರಿಯೇಟ್ ಈವೆಂಟ್’ ಆರಿಸಿದರೆ, ಪತ್ರದ ವಿಷಯವೇ ಶೀರ್ಷಿಕೆಯಾಗಿ ಹೊಸ ನಮೂದು ತೆರೆದುಕೊಳ್ಳುತ್ತದೆ. ದಿನಾಂಕವನ್ನು ನಾವೇ ಸರಿಪಡಿಸಬೇಕು. ಪತ್ರ ಕಳುಹಿಸಿದವರ ವಿಳಾಸ ಅತಿಥಿಗಳ ಪಟ್ಟಿಯಲ್ಲಿ ತಾನಾಗಿ ಸೇರಿರುವುದರಿಂದ, ಅದನ್ನು ತೆಗೆಯದಿದ್ದರೆ ನಮ್ಮ ಒಳಗಿನ ಜ್ಞಾಪನೆಗೆ ಇಲಾಖೆಯ ಅಧಿಕಾರಿಗೂ ಆಹ್ವಾನ ಹೋದೀತು. ಕ್ಯಾಲೆಂಡರ್ ತಾನಾಗಿ ಕೊಡುವ ಅರ್ಧ ಗಂಟೆ ಮೊದಲಿನ ಎಚ್ಚರಿಕೆ ಸಭೆಗೆ ಸರಿ, ತೆರಿಗೆಗೆ ಸಾಲದು. ಮೂರು ದಿನ ಮೊದಲು ಒಂದು, ಹಿಂದಿನ ದಿನ ಇನ್ನೊಂದು ಎಂದು ಬದಲಿಸಿಕೊಳ್ಳಬೇಕು.

ಪ್ರತಿ ತಿಂಗಳು 7ರೊಳಗೆ ಕಟ್ಟಬೇಕಾದ ಟಿಡಿಎಸ್ (ಹಣ ಪಾವತಿಸುವಾಗಲೇ ಕಡಿತ ಮಾಡಿದ ಆದಾಯ ತೆರಿಗೆ), ಮಾಸಿಕ ವಿವರ ಸಲ್ಲಿಸುವವರಿಗೆ 20ನೇ ತಾರೀಕಿನ ಜಿಎಸ್‌ಟಿ ವಿವರಪಟ್ಟಿಯಾದ ಜಿಎಸ್‌ಟಿಆರ್-3ಬಿ ಇಂಥವುಗಳಿಗೆ ‘ಮಂತ್ಲಿ’ ಎಂಬ ಪುನರಾವರ್ತನೆ ಕೊಟ್ಟರೆ ಒಮ್ಮೆ ಬರೆದರೆ ಮುಗಿಯಿತು. ಮಾರ್ಚ್ ತಿಂಗಳ ಟಿಡಿಎಸ್‌ಗೆ ಏಪ್ರಿಲ್ 30ರವರೆಗೆ ಅವಕಾಶವಿರುವುದರಿಂದ, ಆ ನಮೂದನ್ನು ತಿದ್ದುವಾಗ ‘ದಿಸ್ ಈವೆಂಟ್’ ಎಂದೇ ಆರಿಸಬೇಕು. ಇಲ್ಲವಾದರೆ ಉಳಿದ ತಿಂಗಳುಗಳೂ ಬದಲಾಗುತ್ತವೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ಕಾಲಕ್ಕೆ ಮುಂಚೆ, ಅದಕ್ಕೆ ಬೇಕಾದ ಮೈಲುತುತ್ತ ತರಿಸುವ ಕೆಲಸವನ್ನು ವಾರ್ಷಿಕ ನಮೂದಾಗಿ ಏಪ್ರಿಲ್‌ನಲ್ಲಿ ಇಡಬಹುದು. ಗಣೇಶ ಚತುರ್ಥಿಯ ರಜೆಗೆ ಈ ಉಪಾಯ ನಡೆಯದು, ಅದು ಪಂಚಾಂಗದ ಲೆಕ್ಕ.

ಕ್ಯಾಲೆಂಡರನ್ನು ನಿರ್ದೇಶಕರೊಂದಿಗೆ ಹಂಚಿಕೊಳ್ಳುವಾಗ ನೋಡುವ ಅಧಿಕಾರವನ್ನಷ್ಟೇ ಕೊಟ್ಟು, ತಿದ್ದುವ ಅಧಿಕಾರವನ್ನು ಕಾರ್ಯದರ್ಶಿ ಮತ್ತು ಒಬ್ಬ ಗುಮಾಸ್ತರಿಗೆ ಸೀಮಿತಗೊಳಿಸುವುದು ಲೇಸು.

ಮಳೆಗಾಲದಲ್ಲಿ ಇಂಟರ್‌ನೆಟ್ ಹೋಗುವ ಊರುಗಳಲ್ಲಿ ಕ್ರೋಮ್ ಬ್ರೌಸರ್‌ನ ಮೂಲಕ ಜಿಮೇಲ್ ಸೆಟ್ಟಿಂಗ್ಸ್‌ಗೆ ಹೋಗಿ ‘ಆಫ್‌ಲೈನ್’ ಸೌಲಭ್ಯವನ್ನು ಮೇ ತಿಂಗಳಲ್ಲೇ ಚಾಲನೆಗೊಳಿಸಬೇಕು. ಆಗ ಇತ್ತೀಚಿನ ಪತ್ರಗಳನ್ನು ಸಂಪರ್ಕವಿಲ್ಲದೆಯೂ ಓದಬಹುದು. ಬರೆದ ಉತ್ತರಗಳು ಔಟ್‌ಬಾಕ್ಸ್‌ನಲ್ಲಿದ್ದು, ನೆಟ್ ಬಂದ ಮೇಲೆ ಹೋಗುತ್ತವೆ. ಆದರೆ ಪತ್ರಗಳ ಪ್ರತಿ ಆ ಯಂತ್ರದಲ್ಲೇ ಉಳಿಯುವುದರಿಂದ, ಹೊರಗಿನವರೂ ಬಳಸುವ ಕಂಪ್ಯೂಟರಿನಲ್ಲಿ ಇದನ್ನು ಚಾಲನೆಗೊಳಿಸಬಾರದು.