ಹಳೇ ಬೈಕು ಆಕ್ಸಿಲರೇಟರ್ ಕೊಟ್ಟ ಕೂಡಲೇ ತಡವರಿಸುತ್ತಾ?

ಆರ್‌ಎಕ್ಸ್ 100, ಯೆಜ್ಡಿಯಂಥ ಹಳೇ ಬೈಕುಗಳಲ್ಲಿ ಕಡಿಮೆ ಸ್ಪೀಡಿನಲ್ಲಿದ್ದಾಗ ಆಕ್ಸಿಲರೇಟರ್ ಒಮ್ಮೆಗೇ ಪೂರ್ತಿ ತಿರುಗಿಸಬೇಡಿ. ಕಾಲು ಭಾಗ ಕೊಟ್ಟು, ಇಂಜಿನ್ ಎಳೆಯಲು ಶುರು ಮಾಡಿದ ಮೇಲೆ ಉಳಿದದ್ದು ಕೊಡಿ. ಇವುಗಳಲ್ಲಿ ಆಕ್ಸಿಲರೇಟರ್ ಕೇಬಲ್ ನೇರವಾಗಿ ಕಾರ್ಬುರೇಟರ್‌ನ (ಗಾಳಿಗೆ ಪೆಟ್ರೋಲ್ ಬೆರೆಸುವ ಭಾಗ) ಸ್ಲೈಡನ್ನೇ, ಅಂದರೆ ಗಾಳಿಯ ದಾರಿಗೆ ಅಡ್ಡ ಇರುವ ಮುಚ್ಚಳವನ್ನೇ ಎತ್ತುತ್ತದೆ. ಗಾಳಿಯ ದಾರಿ ಏಕ್‌ದಂ ಅಗಲವಾದರೆ ಅದರ ವೇಗ ಇಳಿಯುತ್ತದೆ, ಜೆಟ್‌ನಿಂದ (ಪೆಟ್ರೋಲ್ ಬರುವ ಸಣ್ಣ ತೂತು) ಪೆಟ್ರೋಲ್ ಎಳೆಯುವಷ್ಟು ಸೆಳೆತ ಇರುವುದಿಲ್ಲ. ದೊಡ್ಡ ಕಾರ್ಬುರೇಟರ್ ಹಾಕಿಸಿದವರಿಗೆ ಈ ಕಾಟ ಇನ್ನೂ ಜಾಸ್ತಿ. ಇಂಜಿನ್ನಿನಲ್ಲಿ ಬೇರೇನೂ ಬದಲಾವಣೆ ಮಾಡಿಸದೆ ಅದೊಂದನ್ನೇ ಬದಲಿಸುವುದು ಸುಮ್ನೆ ದುಡ್ಡು ದಂಡ. ಸಿವಿ (ಕಾನ್‌ಸ್ಟಂಟ್ ವೆಲಾಸಿಟಿ) ಕಾರ್ಬುರೇಟರ್ ಬೈಕುಗಳಿಗೆ ಹೀಗೆ ನಿಧಾನಕ್ಕೆ ಕೊಡುವುದು ಅಷ್ಟಾಗಿ ಬೇಕಿಲ್ಲ, ಅಲ್ಲಿ ಸ್ಲೈಡ್ ಎತ್ತುವುದು ಕೇಬಲ್ ಅಲ್ಲ, ಇಂಜಿನ್ನಿನ ವ್ಯಾಕ್ಯೂಮ್ (ಸೆಳೆತ). ನಿಧಾನಕ್ಕೆ ಕೊಟ್ಟರೂ ತಡವರಿಸಿದರೆ ಪೈಲಟ್ ಜೆಟ್ (ಕಡಿಮೆ ಆಕ್ಸಿಲರೇಟರ್‌ನಲ್ಲಿ ಪೆಟ್ರೋಲ್ ಕೊಡುವ ಜೆಟ್) ಕಟ್ಟಿಕೊಂಡಿರಬಹುದು, ಇಲ್ಲವೇ ಕಾರ್ಬುರೇಟರ್ ಇಂಜಿನ್ನಿಗೆ ಸೇರುವ ಜಾಯಿಂಟ್‌ನಲ್ಲಿ ಗಾಳಿ ಲೀಕ್ ಇರಬಹುದು. ಮೊದಲು ಅವೆರಡನ್ನೂ ನೋಡಿಸಿ.