ಎಮ್ಮೆಲ್ಲೆ ಆಫೀಸಿನ ಅರ್ಜಿ ಪುಸ್ತಕದಲ್ಲಿ ಯಾವ ಊರಿನ ಹಾಳೆ ಖಾಲಿ ಇತ್ತು

ಒಂದು ಪೂರ್ತಿ ಅವಧಿ ಶಾಸಕರೊಬ್ಬರ ಆಪ್ತ ಸಹಾಯಕನಾಗಿ ಕೆಲಸ ಮಾಡಿದ್ದೇನೆ. ಚಿತ್ರದುರ್ಗ, ತುಮಕೂರು ಕಡೆಯ ಬಯಲುಸೀಮೆ ಕ್ಷೇತ್ರ. ಊರು, ಪಕ್ಷ, ಹೆಸರು ಇಲ್ಲಿ ಬೇಡ, ಹೇಳಬೇಕಾಗಿರುವುದು ಕೆಲಸದ ವಿಷಯ. ಒಬ್ಬ ಶಾಸಕರ ಆದ್ಯತೆ ಏನು ಅಂತ ತಿಳಿಯೋಕೆ ಜನ ಭಾಷಣ ಕೇಳುತ್ತಾರೆ, ಪ್ರಣಾಳಿಕೆ ಓದುತ್ತಾರೆ. ಅವರ ಆಫೀಸಿನ ಅರ್ಜಿ ಪುಸ್ತಕ ನೋಡಬೇಕು ಅಂತ ನಾನು ಹೇಳುತ್ತೇನೆ. ಯಾರು ಬಂದಿದ್ದಾರೆ, ಏನು ಕೇಳಿದ್ದಾರೆ, ಆಮೇಲೆ ಏನಾಯಿತು, ಎಲ್ಲ ಅದರಲ್ಲಿ ಇರುತ್ತೆ. ಯಾರು ಬಂದೇ ಇಲ್ಲ ಅನ್ನೋದೂ ಅದರಲ್ಲೇ ಗೊತ್ತಾಗುತ್ತೆ, ಹಾಗೆ ಗೊತ್ತಾಗುವಂತೆ ಬರೆದಿಟ್ಟರೆ.

ಬೆಳಗ್ಗೆ ಏಳಕ್ಕೆಲ್ಲ ಸಾಹೇಬರ ಮನೆ ಮುಂದೆ ಜನ ಸೇರುತ್ತಾರೆ. ಟಿ.ಸಿ. (ಕರೆಂಟಿನ ಟ್ರಾನ್ಸ್‌ಫಾರ್ಮರ್) ಸುಟ್ಟು ಮೂರು ದಿನ ಆಯಿತು, ಅಡಿಕೆ ಒಣಗುತ್ತಿದೆ ಅಂತ ಒಬ್ಬರು. ಮಗಳಿಗೆ ಹಾಸ್ಟೆಲ್ ಸೀಟು ಅಂತ ಇನ್ನೊಬ್ಬರು. ವರ್ಗಾವಣೆಗೆ ಪತ್ರ, ಸರ್ಕಾರಿ ಜಮೀನು ಸಾಗುವಳಿಯ ಬಗರ್ ಹುಕುಂ ಅರ್ಜಿ, ಜಮೀನು ಅಳೆದು ಬೇರೆ ಮಾಡುವ ಪೋಡಿ, ಪಿಂಚಣಿ ನಿಂತಿದೆ, ಆಸ್ಪತ್ರೆ ಬಿಲ್ಲು, ಸ್ಟೇಷನ್ನಿನಲ್ಲಿ ಕೂರಿಸಿದ್ದಾರೆ. ಇದರ ನಡುವೆ ಮದುವೆ ಪತ್ರಿಕೆಗಳು, ಅವನ್ನು ತಾರೀಕಿನ ಪ್ರಕಾರ ಬೇರೆ ಜೋಡಿಸಬೇಕು. ಹೊಸದಾಗಿ ಈ ಕೆಲಸಕ್ಕೆ ಬರುವವರಿಗೆ ಎಲ್ಲದಕ್ಕೂ ಒಂದು ಶಿಫಾರಸು ಪತ್ರ ಟೈಪ್ ಮಾಡಿ ಸಹಿ ಹಾಕಿಸಿ ಕೊಟ್ಟರೆ ಮುಗಿಯಿತು ಅನ್ನಿಸುತ್ತೆ. ಪತ್ರ ಹಿಡಿದು ಹೋದವರು ಖುಷಿಯಾಗೇ ಹೋಗುತ್ತಾರೆ. ಆದರೆ ತಾಲ್ಲೂಕು ಕಚೇರಿಯ ಟೇಬಲ್ ಮೇಲೆ ಅಂಥ ಪತ್ರಗಳದ್ದೇ ಒಂದು ಕಟ್ಟು ಇರುತ್ತೆ. ಹಾಗಾಗಿ ನಾವು ಪತ್ರ ಕಡಿಮೆ ಮಾಡಿ ಫೋನು ಜಾಸ್ತಿ ಮಾಡಿದೆವು. ಇಂತಿಷ್ಟು ದಿನದಲ್ಲಿ ಸರ್ಕಾರಿ ಸೇವೆ ಕೊಡಲೇಬೇಕು ಅನ್ನೋ ‘ಸಕಾಲ’ದಡಿ ಬರುವ ಕೆಲಸವಾದರೆ ಅರ್ಜಿ ಹಾಕಿದಾಗ ಕೊಡುವ 15 ಅಂಕಿಯ ಸಂಖ್ಯೆ ಕೇಳಿ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದೆ. ಆ ಸಂಖ್ಯೆ ಇಟ್ಟುಕೊಂಡು ಮಾತಾಡಿದರೆ ‘ನೋಡ್ತೀವಿ ಸಾರ್’ ಅನ್ನೋ ಉತ್ತರ ಬರೋದಿಲ್ಲ, ಅರ್ಜಿ ಯಾರ ಲಾಗಿನ್‌ನಲ್ಲಿ ನಿಂತಿದೆ ಅಂತ ಹೇಳಲೇಬೇಕಾಗುತ್ತೆ. ಆಸ್ಪತ್ರೆ ವಿಷಯವೂ ಹಾಗೆಯೇ. ಪತ್ರಕ್ಕಿಂತ ಮೊದಲು ಬಿ.ಪಿ.ಎಲ್. ಕಾರ್ಡು ಇದೆಯಾ, ಸರ್ಕಾರಿ ಆಸ್ಪತ್ರೆಯ ರೆಫರಲ್ ತಂದಿದ್ದಾರಾ ಅಂತ ನೋಡಬೇಕು. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತೆ. ಎಷ್ಟೋ ಜನ ಅದು ಗೊತ್ತಿಲ್ಲದೆ ಸಾಲ ಮಾಡಿ ಬಿಲ್ಲು ಕಟ್ಟಿ ಆಮೇಲೆ ನಮ್ಮ ಹತ್ತಿರ ಬರುತ್ತಿದ್ದರು. ಕಟ್ಟಿದ ಮೇಲೆ ಮುಖ್ಯಮಂತ್ರಿ ಪರಿಹಾರ ನಿಧಿಗೆ ಅರ್ಜಿ ಹಾಕಿ ಕಾಯಬೇಕು, ಬರೋದು ಖರ್ಚಾದ್ದರಲ್ಲಿ ಒಂದಿಷ್ಟು.

ಶಾಸಕರ ನಿಧಿ ಬಗ್ಗೆ ಜನರಿಗೆ ದೊಡ್ಡ ಕಲ್ಪನೆ ಇದೆ. ವರ್ಷಕ್ಕೆ 2 ಕೋಟಿ ರೂಪಾಯಿ. ಹಣ ಶಾಸಕರ ಕೈಗೆ ಬರೋದಿಲ್ಲ, ಜಿಲ್ಲಾಧಿಕಾರಿಗಳ ಹತ್ತಿರ ಇರುತ್ತೆ. ಶಾಸಕರು ಕಾಮಗಾರಿ ಸೂಚಿಸುತ್ತಾರೆ. ಅಂದಾಜು ಪಟ್ಟಿ, ಮಂಜೂರಾತಿ ಎಲ್ಲ ಆದ ಮೇಲೆ ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗವೋ ನಿರ್ಮಿತಿ ಕೇಂದ್ರವೋ ಕೆಲಸ ಮಾಡುತ್ತೆ. ರಾಜ್ಯದಲ್ಲಿ 224 ಕ್ಷೇತ್ರ, 2023ರ ಚುನಾವಣೆಯಲ್ಲಿ ಮತದಾರರು ಸುಮಾರು 5.3 ಕೋಟಿ. ಭಾಗಿಸಿ ನೋಡಿ, ಒಬ್ಬ ಮತದಾರರಿಗೆ ವರ್ಷಕ್ಕೆ ನೂರು ರೂಪಾಯಿಯೂ ಬೀಳೋದಿಲ್ಲ. ಒಂದು ಶಾಲಾ ಕೊಠಡಿಗೇ ಹತ್ತು ಹದಿನೈದು ಲಕ್ಷ ಬೇಕು. ಇಷ್ಟರಲ್ಲಿ ಎಲ್ಲ ಊರಿಗೂ ಸ್ವಲ್ಪ ಸ್ವಲ್ಪ ಹಂಚಲು ಹೋದರೆ ಎಲ್ಲ ಕಡೆ ಅರ್ಧ ಗೋಡೆ ಎದ್ದು ನಿಲ್ಲುತ್ತೆ.

ಅತಿ ಹೆಚ್ಚು ಬೇಡಿಕೆ ಬರೋದು ಸಮುದಾಯ ಭವನಕ್ಕೆ. ಶಾಲು, ಹಾರ ಹಿಡಿದು ಹಿರಿಯರು ಬರುತ್ತಾರೆ. ‘ಆ ಜನಾಂಗದವರಿಗೆ ಆಯಿತು, ನಮಗೆ ಯಾಕಿಲ್ಲ’ ಅನ್ನೋ ಮಾತು ಬಂದೇ ಬರುತ್ತೆ. ಇದಕ್ಕೆ ಇಲ್ಲ ಅನ್ನೋದು ಯಾವ ರಾಜಕಾರಣಿಗೂ ಸುಲಭವಲ್ಲ. ನಮ್ಮ ಸಾಹೇಬರು ಎರಡನೇ ವರ್ಷ ಒಂದು ತೀರ್ಮಾನಕ್ಕೆ ಬಂದರು. ಸೋರುವ ಶಾಲೆ, ಹೆಣ್ಣುಮಕ್ಕಳ ಶೌಚಾಲಯ, ಅದಕ್ಕೆ ನೀರು, ಇವು ಮುಗಿಯೋ ತನಕ ಭವನಕ್ಕೆ ನಿಧಿ ಇಲ್ಲ ಅಂತ. ಎಸ್.ಡಿ.ಎಂ.ಸಿ. (ಶಾಲಾಭಿವೃದ್ಧಿ ಸಮಿತಿ) ಅಧ್ಯಕ್ಷರಿಂದ ಪ್ರತಿ ಶಾಲೆಯ ಪಟ್ಟಿ ತರಿಸಿದೆವು. ಶೌಚಾಲಯ ಕಟ್ಟಿರುತ್ತಾರೆ, ನೀರಿನ ಪೈಪು ಎಳೆದಿರೋದಿಲ್ಲ, ಬಾಗಿಲಿಗೆ ಬೀಗ. ಅಂಥ ಕಡೆ ಒಂದು ಸಿಂಟೆಕ್ಸ್ ಟ್ಯಾಂಕು, ಮೋಟಾರು, ಪೈಪು ಹಾಕಿಸಿದರೆ ಸಾಕಿತ್ತು. ಖರ್ಚು ಕಡಿಮೆ, ಉಪಯೋಗ ಮಾರನೇ ದಿನದಿಂದಲೇ. ಒಂದು ವಿನಾಯಿತಿ ಇಟ್ಟುಕೊಂಡೆವು. ದಲಿತರ ಕೇರಿಯವರು ಅಂಬೇಡ್ಕರ್ ಭವನ ಕೇಳಿದರೆ ಮುಂದೆ ಹಾಕಲಿಲ್ಲ. ಬೇರೆಯವರಿಗೆ ದೇವಸ್ಥಾನದ ಮುಂದಿನ ಚಪ್ಪರ ಇದೆ, ನೆಂಟರ ಛತ್ರ ಇದೆ. ಇವರಿಗೆ ಊರಲ್ಲಿ ಮದುವೆ ಮಾಡೋಕೆ ಬೇರೆ ಜಾಗವೇ ಇರುತ್ತಿರಲಿಲ್ಲ. ಅದು ಸರಿಯಾದ ತೀರ್ಮಾನ ಅಂತ ಈಗಲೂ ನಂಬಿದ್ದೇನೆ. ಈ ನಿಲುವಿನಿಂದ ಕೆಲವು ಮುಖಂಡರು ಮುನಿಸಿಕೊಂಡು ದೂರ ಹೋದರು, ಕೆಲವರು ಆಮೇಲೆ ವಾಪಸ್ ಬಂದರು.

ಈಗ ಪುಸ್ತಕದ ವಿಷಯಕ್ಕೆ ಬರುತ್ತೇನೆ. ಎಲ್ಲ ಆಫೀಸಿನಲ್ಲೂ ಅರ್ಜಿಗಳನ್ನು ತಾರೀಕಿನ ಪ್ರಕಾರ ಬರೆಯುತ್ತಾರೆ. ನಾನು ಅದರ ಜೊತೆಗೆ ಇನ್ನೊಂದು ಉದ್ದನೆಯ ರಿಜಿಸ್ಟರ್ ತೆಗೆದುಕೊಂಡು ಒಂದೊಂದು ಊರಿಗೆ ಒಂದೊಂದು ಹಾಳೆ ಬಿಟ್ಟೆ. ಮತದಾರರ ಪಟ್ಟಿಯ ಭಾಗಗಳನ್ನು ನೋಡಿ, ಹಟ್ಟಿ, ತಾಂಡಾ, ಕಾಲೊನಿ ಯಾವುದೂ ಬಿಡದೆ ಹೆಸರು ಬರೆದೆ. ಅರ್ಜಿ ಬಂದ ಹಾಗೆ ಆಯಾ ಊರಿನ ಹಾಳೆಗೆ ಏರಿಸುತ್ತಾ ಹೋದೆ. ಆರೇಳು ತಿಂಗಳಾದ ಮೇಲೆ ಸಾಹೇಬರ ಮುಂದೆ ಇಟ್ಟೆ. ಹೆದ್ದಾರಿ ಪಕ್ಕದ ಊರುಗಳ ಹಾಳೆ ತುಂಬಿ ಎರಡನೆಯದು ಶುರುವಾಗಿತ್ತು. ಒಳಗಡೆಯ ಗೊಲ್ಲರಹಟ್ಟಿಗಳು, ಲಂಬಾಣಿ ತಾಂಡಾಗಳು ಬಹಳಷ್ಟು ಖಾಲಿ. ಒಂದು ಸಾಲೂ ಇಲ್ಲ. ಕಷ್ಟ ಇಲ್ಲ ಅಂತಲಾ? ಬೆಳಗ್ಗೆ ಏಳಕ್ಕೆ ತಾಲ್ಲೂಕು ಕೇಂದ್ರಕ್ಕೆ ಬರೋಕೆ ಅವರಿಗೆ ಬಸ್ಸಿಲ್ಲ. ಬಂದರೆ ಆ ದಿನದ ಕೂಲಿ ಹೋಯಿತು, ಕುರಿ ಮೇಯಿಸೋರು ಯಾರು? ಬಂದವರ ಅರ್ಜಿಗಷ್ಟೇ ಕೆಲಸ ಮಾಡಿದರೆ, ಬರೋಕೆ ಶಕ್ತಿ ಇರುವವರಿಗಷ್ಟೇ ಶಾಸಕರು ಇದ್ದ ಹಾಗೆ. ಸಾಹೇಬರು ಹಾಳೆ ತಿರುವಿ ತಿರುವಿ ನೋಡಿ, ಮುಂದಿನ ಭೇಟಿಗಳೆಲ್ಲ ಖಾಲಿ ಹಾಳೆಯ ಊರಿಗೇ ಹಾಕು ಅಂದರು.

ಮೊದಲು ಹೋದ ಹಟ್ಟಿಗಳಲ್ಲೇ ಒಂದರಲ್ಲಿ ಒಬ್ಬ ಅಜ್ಜಿ ಪ್ಲಾಸ್ಟಿಕ್ ಕವರ್ ತಂದು ಚಾಪೆ ಮೇಲೆ ಸುರಿದರು. ವೋಟರ್ ಕಾರ್ಡು, ರೇಷನ್ ಕಾರ್ಡು, ಕರೆಂಟ್ ಬಿಲ್ಲು, ಪಂಚಾಯ್ತಿಗೆ ಕಟ್ಟಿದ ಯಾವುದೋ ಕಾಲದ ರಸೀದಿ, ಮಡಿಕೆಯಲ್ಲಿ ಹರಿದು ಎರಡಾಗಿದ್ದದ್ದು. “ಓಟಿನ ಚೀಟಿ ಐತೆ, ಕರೆಂಟ್ ಬಿಲ್ ಐತೆ. ಮನೆ ನಂದು ಅನ್ನಾಕೆ ಒಂದು ಕಾಗ್ದ ಇಲ್ಲ ಕಣಪ್ಪ” ಅಂದರು. ಆ ಹಟ್ಟಿ ಕಂದಾಯ ಇಲಾಖೆಯ ಲೆಕ್ಕದಲ್ಲಿ ಊರೇ ಅಲ್ಲ. ಪಕ್ಕದ ಗ್ರಾಮದ ಒಂದು ಸರ್ವೆ ನಂಬರು, ಪಹಣಿಯಲ್ಲಿ ಬೇರೆ ಯಾರದೋ ಹೆಸರು. ಹಕ್ಕುಪತ್ರ ಇಲ್ಲ, ಹಾಗಾಗಿ ಪಂಚಾಯ್ತಿಯ ಆಸ್ತಿ ದಾಖಲೆಯಾದ ಇ-ಸ್ವತ್ತು ಇಲ್ಲ. ಬ್ಯಾಂಕಿನಲ್ಲಿ ಸಾಲ ಇಲ್ಲ. ವಸತಿ ಯೋಜನೆಯಲ್ಲಿ ಮನೆ ಮಂಜೂರಾದರೂ ನಿವೇಶನದ ದಾಖಲೆ ಕೇಳಿದಾಗ ಅಲ್ಲಿಗೆ ನಿಂತುಹೋಗುತ್ತೆ. ನಾವು ರಸ್ತೆ ಬೇಕಾ, ದೀಪ ಬೇಕಾ ಅಂತ ಕೇಳೋಕೆ ಹೋಗಿದ್ದೆವು. ಅವರಿಗೆ ಬೇಕಾಗಿದ್ದು ತಮ್ಮ ಊರನ್ನು ಊರು ಅಂತ ಬರೆದುಕೊಳ್ಳೋದು.

ಇದಕ್ಕೆ ಕಾನೂನು ಆಗಲೇ ಇತ್ತು. ಕಾಗೋಡು ತಿಮ್ಮಪ್ಪನವರು ಕಂದಾಯ ಸಚಿವರಾಗಿದ್ದಾಗ ‘ವಾಸಿಸುವವನೇ ಮನೆಯೊಡೆಯ’ ಅಂತ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿ ತಂದರು, 38ಎ ಕಲಂ. ಹಟ್ಟಿ, ತಾಂಡಾ, ಹಾಡಿ, ದೊಡ್ಡಿಯಂಥ ದಾಖಲೆರಹಿತ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿ, ಇರುವ ಮನೆಗೆ ಹಕ್ಕುಪತ್ರ ಕೊಡೋ ದಾರಿ ಅದು. 2023ರ ಜನವರಿಯಲ್ಲಿ ಕಲಬುರಗಿ ಜಿಲ್ಲೆಯ ಮಳಖೇಡದಲ್ಲಿ ತಾಂಡಾಗಳ 50 ಸಾವಿರಕ್ಕೂ ಹೆಚ್ಚು ಕುಟುಂಬಗಳಿಗೆ ಹಕ್ಕುಪತ್ರ ಕೊಟ್ಟಿದ್ದು ಎಲ್ಲ ಪತ್ರಿಕೆಯಲ್ಲೂ ಬಂತಲ್ವಾ, ಅದು ಇದೇ ಕೆಲಸ. ಕಾನೂನು ಇದ್ದರೂ ಪ್ರತಿ ತಾಲ್ಲೂಕಲ್ಲಿ ಯಾರಾದರೂ ಬೆನ್ನು ಹತ್ತಬೇಕು. ಗ್ರಾಮ ಲೆಕ್ಕಿಗರು (ಈಗ ಗ್ರಾಮ ಆಡಳಿತಾಧಿಕಾರಿ) ಪಟ್ಟಿ ಕೊಡಬೇಕು, ಸರ್ವೆಯರ್ ಬಂದು ಗಡಿ ಅಳೆದು ನಕ್ಷೆ ಮಾಡಬೇಕು, ಮನೆ ಮನೆ ವಿವರ ಬರೆಯಬೇಕು, ತಹಶೀಲ್ದಾರರಿಂದ ಪ್ರಸ್ತಾವನೆ ಜಿಲ್ಲಾಧಿಕಾರಿಗೆ ಹೋಗಬೇಕು, ಪ್ರಾಥಮಿಕ ಅಧಿಸೂಚನೆ, ಆಕ್ಷೇಪಣೆ, ಆಮೇಲೆ ಅಂತಿಮ ಅಧಿಸೂಚನೆ. ಜಮೀನು ಖಾಸಗಿಯವರದ್ದಾದರೆ ಮಾಲೀಕರ ಮಾತನ್ನೂ ಕೇಳಬೇಕು. ಎಲ್ಲಿ ಬೇಕಾದರೂ ನಿಲ್ಲಬಹುದು. ಹೆಚ್ಚಾಗಿ ನಿಲ್ಲೋದು ಸರ್ವೆಯಲ್ಲಿ.

ಶಾಸಕರು ಇಲ್ಲಿ ಮಾಡಬಹುದಾದ್ದು ಎರಡು. ಒಂದು ಕೆ.ಡಿ.ಪಿ. ಸಭೆ, ಅಂದರೆ ಇಲಾಖೆಗಳ ಪ್ರಗತಿ ಪರಿಶೀಲನೆ ಸಭೆ. ತಾಲ್ಲೂಕು ಮಟ್ಟದ ಈ ಸಭೆಗೆ ಶಾಸಕರೇ ಅಧ್ಯಕ್ಷರು, ಎಲ್ಲ ಇಲಾಖೆಯವರೂ ಬರುತ್ತಾರೆ. ಮೊದಲು ಕಂದಾಯ ಇಲಾಖೆ ಸರದಿ ಬಂದಾಗ ಒಟ್ಟು ಪ್ರಗತಿ ಓದಿ ಮುಗಿಸುತ್ತಿದ್ದರು. ನಾವು ಹಟ್ಟಿಗಳ ಹೆಸರನ್ನೇ ಒಂದು ಹಾಳೆಯಲ್ಲಿ ಬರೆದು ಪ್ರತಿ ಹೆಸರಿನ ಮುಂದೆ ‘ಸರ್ವೆ, ನಕ್ಷೆ, ಪ್ರಸ್ತಾವನೆ, ಅಧಿಸೂಚನೆ’ ಅಂತ ಕಾಲಂ ಹಾಕಿ ವಾರ ಮುಂಚೆ ಕಳಿಸಲು ಶುರು ಮಾಡಿದೆವು. ಸಭೆಯಲ್ಲಿ ಸಾಹೇಬರು ಅದೇ ಹಾಳೆ ಹಿಡಿದು ಒಂದೊಂದೇ ಹೆಸರು ಕೂಗುತ್ತಿದ್ದರು. ಸಿಟ್ಟು ಮಾಡುತ್ತಿರಲಿಲ್ಲ. ಸರ್ವೆಯರ್ ಕಡಿಮೆ ಇದ್ದಾರೆ ಅಂದರೆ, ಹಾಗಾದರೆ ಈ ತಿಂಗಳು ಯಾವ ಎರಡು ಹಟ್ಟಿ ಆಗುತ್ತೆ ಹೇಳಿ ಅಂತ ಕೇಳಿ ನಡಾವಳಿಯಲ್ಲಿ ಬರೆಸುತ್ತಿದ್ದರು. ಮುಂದಿನ ಸಭೆ ಶುರುವಾಗುತ್ತಿದ್ದದ್ದು ಅಲ್ಲಿಂದಲೇ.

ಇನ್ನೊಂದು ವಿಧಾನಸಭೆಯ ಪ್ರಶ್ನೆ. ಟಿ.ವಿ.ಯಲ್ಲಿ ಕಾಣೋದು ಗಲಾಟೆ, ಧರಣಿ. ಆದರೆ ಚುಕ್ಕೆ ಗುರುತಿಲ್ಲದ ಪ್ರಶ್ನೆ ಅಂತ ಒಂದಿದೆ, ಉತ್ತರ ಲಿಖಿತದಲ್ಲಿ ಬರುತ್ತೆ, ಯಾರೂ ಎದ್ದು ನಿಂತು ಮಾತಾಡಬೇಕಿಲ್ಲ. ನನ್ನ ಮಟ್ಟಿಗೆ ಒಬ್ಬ ಶಾಸಕರ ಕೈಯಲ್ಲಿರುವ ಅತ್ಯಂತ ಒಳ್ಳೆಯ ಆಯುಧ ಅದು. ಉತ್ತರದ ಹಾಳೆ ಎರಡು ಅಂಕಣದಲ್ಲಿರುತ್ತೆ, ಎಡಗಡೆ ಅ, ಆ, ಇ ಅಂತ ಪ್ರಶ್ನೆ, ಬಲಗಡೆ ಉತ್ತರ. ಅ-ಗೆ ‘ಇಲ್ಲ’ ಅಂತ ಬರೆದರೆ ಕೆಳಗಿನ ಎಲ್ಲದಕ್ಕೂ ‘ಉದ್ಭವಿಸುವುದಿಲ್ಲ’ ಅಂತ ಮುಗಿದುಹೋಗುತ್ತೆ. ಆದ್ದರಿಂದ ‘ಸರ್ಕಾರದ ಗಮನಕ್ಕೆ ಬಂದಿದೆಯೇ’ ಅಂತ ಶುರು ಮಾಡಬೇಡಿ ಅಂತ ಹೊಸ ಸಹಾಯಕರಿಗೆಲ್ಲ ಹೇಳುತ್ತೇನೆ. ನಾವು ಹೀಗೆ ಕೇಳಿದೆವು: ಈ ಕ್ಷೇತ್ರದಲ್ಲಿ ಗುರುತಿಸಿರುವ ದಾಖಲೆರಹಿತ ಜನವಸತಿಗಳು ಎಷ್ಟು, ಹೆಸರುವಾರು ಕೊಡುವುದು. ಪ್ರತಿಯೊಂದೂ ಯಾವ ಹಂತದಲ್ಲಿದೆ. ಯಾವ ದಿನಾಂಕದಿಂದ ಆ ಹಂತದಲ್ಲಿದೆ. ಇದಕ್ಕೆ ಇಲ್ಲ ಅನ್ನೋಕೆ ಆಗೋದಿಲ್ಲ. ಪ್ರಶ್ನೆ ಸಚಿವಾಲಯದಿಂದ ಇಲಾಖೆಗೆ, ಇಲಾಖೆಯಿಂದ ಜಿಲ್ಲೆಗೆ, ಅಲ್ಲಿಂದ ತಾಲ್ಲೂಕಿಗೆ ಇಳಿಯುತ್ತೆ, ಸದನಕ್ಕೆ ಉತ್ತರ ಕೊಡಲೇಬೇಕು. ಉತ್ತರ ಬರೋ ಮೊದಲೇ ನಮ್ಮ ತಾಲ್ಲೂಕು ಕಚೇರಿಯಲ್ಲಿ ಹಳೇ ಕಡತಗಳು ಮೇಲೆ ಬಂದವು. ಆ ಅಧಿವೇಶನ ಬೆಳಗಾವಿಯ ಸುವರ್ಣ ವಿಧಾನಸೌಧದಲ್ಲಿತ್ತು, ಉತ್ತರದ ಪ್ರತಿ ಕೈಗೆ ಬಂದ ಕೂಡಲೇ ಫೋಟೋ ತೆಗೆದು ಹಟ್ಟಿಯ ಹುಡುಗರಿಗೆ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದೆ. ತಮ್ಮ ಹಟ್ಟಿಯ ಹೆಸರು ಸರ್ಕಾರದ ಕಾಗದದಲ್ಲಿ ಅಚ್ಚಾಗಿದ್ದನ್ನು ಅವರು ಮನೆ ಮನೆಗೆ ತೋರಿಸಿಕೊಂಡು ಬಂದರಂತೆ.

ಅವಧಿ ಮುಗಿಯೋ ಹೊತ್ತಿಗೆ ಸಾಕಷ್ಟು ಹಟ್ಟಿಗಳಿಗೆ ಅಂತಿಮ ಅಧಿಸೂಚನೆ ಆಗಿತ್ತು. ಕವರ್ ಸುರಿದ ಅಜ್ಜಿಗೂ ಹಕ್ಕುಪತ್ರ ಬಂತು, ಅವರ ಹೆಸರಿಗೇ. ನಿಧಿಯಿಂದ ಒಂದು ರೂಪಾಯಿ ಖರ್ಚಾಗಲಿಲ್ಲ.

ಆಗದೇ ಉಳಿದಿರೋದು ಅರಣ್ಯದ ಸರ್ವೆ ನಂಬರಿನಲ್ಲಿರುವ ಹಟ್ಟಿ, ತಾಂಡಾಗಳದ್ದು. ಅಲ್ಲಿ ಕಂದಾಯ ಕಾನೂನು ನಡೆಯೋದಿಲ್ಲ, 2006ರ ಅರಣ್ಯ ಹಕ್ಕು ಕಾಯ್ದೆಯಡಿ ಹೋಗಬೇಕು. ನಮ್ಮ ರಾಜ್ಯದಲ್ಲಿ ಲಂಬಾಣಿಗಳು ಪರಿಶಿಷ್ಟ ಜಾತಿಯಲ್ಲಿದ್ದಾರೆ, ಹಟ್ಟಿಗಳ ಕಾಡುಗೊಲ್ಲರು ಹಿಂದುಳಿದ ವರ್ಗದಲ್ಲಿ. ಇಬ್ಬರೂ ಪರಿಶಿಷ್ಟ ಪಂಗಡ ಅಲ್ಲ. ಹಾಗಾಗಿ ‘ಇತರೆ ಪಾರಂಪರಿಕ ಅರಣ್ಯವಾಸಿಗಳು’ ಅಂತ 2005ರ ಡಿಸೆಂಬರ್ 13ಕ್ಕೆ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷಿ ಕೊಡಬೇಕು. ಕುರಿ ಹಿಂದೆ ತಿರುಗಿದವರ ಮನೆಯಲ್ಲಿ ಅಷ್ಟು ಹಳೇ ಕಾಗದ ಎಲ್ಲಿಂದ ಬರಬೇಕು? ಆದರೆ ಹಿರಿಯರ ಹೇಳಿಕೆಯನ್ನು ಬರೆದುಕೊಂಡು ಸಾಕ್ಷಿಯಾಗಿ ಕೊಡೋಕೆ ಆ ಕಾಯ್ದೆಯ ನಿಯಮದಲ್ಲೇ ಅವಕಾಶ ಇದೆ. ಹಳೇ ಬಾವಿ, ಸಮಾಧಿ, ದೇವರ ಗುಡಿ ಇಂಥ ಗುರುತುಗಳನ್ನೂ ತೋರಿಸಬಹುದು. ಈಗ ನಾನು ಆ ಕೆಲಸದಲ್ಲಿಲ್ಲ. ಭಾನುವಾರ ಸಿಕ್ಕಾಗ ಒಂದಿಬ್ಬರು ಹುಡುಗರ ಜೊತೆ ಹೋಗಿ ಹಿರಿಯರ ಹೇಳಿಕೆ ಬರೆದುಕೊಳ್ಳುತ್ತಿದ್ದೇವೆ, ಗ್ರಾಮ ಅರಣ್ಯ ಹಕ್ಕು ಸಮಿತಿಗೆ ಕೊಡೋಕೆ. ಎಂಬತ್ತು ದಾಟಿದವರದ್ದು ಮೊದಲು. ನಿಮ್ಮ ಕಡೆ ಇಂಥ ಹೇಳಿಕೆಗಳ ಮೇಲೆ ಜಿಲ್ಲಾ ಮಟ್ಟದ ಸಮಿತಿಯಲ್ಲಿ ಹಕ್ಕು ಮಂಜೂರಾಗಿದ್ದರೆ, ಹೇಳಿಕೆಯನ್ನು ಯಾವ ರೀತಿ ಬರೆಸಿದ್ದಿರಿ ಅಂತ ದಯವಿಟ್ಟು ತಿಳಿಸಿ.