ಕೆಮಿಕಲ್ ಬೀರು ಕೊಳ್ಳುವ ಮುಂಚೆ ಬಾಟಲಿಗಳ ಪಟ್ಟಿ ಮಾಡಿ

ಕೆಲಸದ ಜಾಗದಲ್ಲಿ ಕೆಮಿಕಲ್ ಇಡಲು ಬೀರು ಬೇಕು ಅಂದ ತಕ್ಷಣ ಎಲ್ಲರೂ ಕೇಳುವುದು ಅಳತೆ ಎಷ್ಟು, ಬೆಲೆ ಎಷ್ಟು ಅಂತ. ಅದು ಆಮೇಲೆ. ಮೊದಲು ಹಾಳೆ, ಪೆನ್ನು ಹಿಡಿದು ಈಗ ನಿಮ್ಮಲ್ಲಿರುವ ಬಾಟಲಿ, ಕ್ಯಾನು, ಡಬ್ಬಗಳನ್ನೆಲ್ಲ ಬರೆದುಕೊಳ್ಳಿ. ಯಾವುದು, ಎಷ್ಟು ಲೀಟರ್. ಮೂಲೆಯಲ್ಲಿ ಧೂಳು ಹಿಡಿದು ಕೂತಿರುವ, ಲೇಬಲ್ ಅಳಿಸಿಹೋದ ಆ ಕ್ಯಾನನ್ನೂ ಬಿಡಬೇಡಿ.

ಪ್ರತಿ ಕೆಮಿಕಲ್‌ಗೂ ಒಂದು ಸೇಫ್ಟಿ ಡೇಟಾ ಶೀಟ್, ಅಂದರೆ ಅದರ ಅಪಾಯ, ಎಚ್ಚರಿಕೆಗಳನ್ನು ಬರೆದ ಮಾಹಿತಿ ಪತ್ರ ಇರುತ್ತದೆ, ಇಲ್ಲದಿದ್ದರೆ ಮಾರಿದವರನ್ನು ಕೇಳಿ ತರಿಸಿಕೊಳ್ಳಿ. 16 ಭಾಗ ನೋಡಿ ಹೆದರಬೇಡಿ, ಈ ಕೆಲಸಕ್ಕೆ ಮುಖ್ಯವಾಗಿ ಮೂರು ಸಾಕು. ಹೇಗೆ ಇಡಬೇಕು ಅನ್ನುವುದು 7ರಲ್ಲಿ, ಫ್ಲ್ಯಾಶ್ ಪಾಯಿಂಟ್ 9ರಲ್ಲಿ, ಯಾವುದರ ಜೊತೆ ಸೇರಬಾರದು ಅನ್ನುವುದು 10ರಲ್ಲಿ. ಫ್ಲ್ಯಾಶ್ ಪಾಯಿಂಟ್ ಅಂದರೆ, ದ್ರವದಿಂದ ಏಳುವ ಆವಿ ಕಿಡಿ ಸೋಕಿದರೆ ಹೊತ್ತಿಕೊಳ್ಳುವಷ್ಟು ಆಗುವ ಕನಿಷ್ಠ ಉಷ್ಣತೆ. ಆಸಿಟೋನ್‌ದು ಸುಮಾರು ಮೈನಸ್ 20 ಡಿಗ್ರಿ! ಅದಕ್ಕೇ ಅದನ್ನು ಮಾಮೂಲಿ ಫ್ರಿಜ್‌ನಲ್ಲಿ ಇಡಬಾರದು. ತಣ್ಣಗಿದ್ದರೂ ಆವಿ ಏಳುತ್ತದೆ, ಒಳಗಿನ ಲೈಟಿನ ಸ್ವಿಚ್‌ನ ಒಂದು ಕಿಡಿ ಸಾಕು.

ಹೊತ್ತಿಕೊಳ್ಳುವಂಥವು, ಅಂದರೆ ಥಿನ್ನರ್, ಸ್ಪಿರಿಟ್, ಟೊಲುಯೀನ್ ಇದ್ದರೆ ಕಚೇರಿಯ ಫೈಲ್ ಬೀರು ಆಗುವುದಿಲ್ಲ. ಅದಕ್ಕೆಂದೇ ಮಾಡಿದ ಬೀರು ಬೇಕು. ಅಮೆರಿಕದಲ್ಲಿ ಕೆಲಸದ ಜಾಗದ ಸುರಕ್ಷತೆ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ ಓಶಾದ ನಿಯಮ ಹೇಳುವ ಉಕ್ಕಿನ ಬೀರು ಹೇಗಿರುತ್ತದೆ ಅಂದರೆ, 18 ಗೇಜ್ ದಪ್ಪದ ತಗಡಿನ ಎರಡು ಪದರ, ನಡುವೆ ಒಂದೂವರೆ ಇಂಚು ಖಾಲಿ ಜಾಗ, ಬಾಗಿಲು ಮೂರು ಕಡೆ ಕಚ್ಚಿಕೊಳ್ಳುವ ಚಿಲಕ, ಜೊತೆಗೆ ಒಳಗೆ ಚೆಲ್ಲಿದ್ದು ಹೊರಗೆ ಹರಿಯದ ಹಾಗೆ 2 ಇಂಚಿನ ಹೊಸ್ತಿಲು. ಇಂಥ ಬೀರುಗಳಿಗೆಂದೇ ಇರುವ ಯುರೋಪಿನ ಮಾನದಂಡ ಇಎನ್ 14470-1 ಪ್ರಕಾರ ಮಾಡಿದ್ದರೆ ಮೇಲೆ ಟೈಪ್ 15, 30, 60 ಅಥವಾ 90 ಅಂತ ಬರೆದಿರುತ್ತದೆ. ಪರೀಕ್ಷೆಯ ಬೆಂಕಿಯಲ್ಲಿ ಅಷ್ಟು ನಿಮಿಷ ತಡೆಯುತ್ತದೆ ಅಂತ ಅರ್ಥ. ಗಮನಿಸಿ, ಬೀರು ಬೆಂಕಿ ಆರಿಸುವುದಿಲ್ಲ. ಜನ ಹೊರಗೆ ಓಡಲು, ಬೆಂಕಿ ಆರಿಸುವವರು ಬರಲು ಸಮಯ ಕೊಡುತ್ತದೆ, ಅಷ್ಟೇ. ಸುಮ್ನೆ ಹಳದಿ ಬಣ್ಣ ಬಳಿದ ತಗಡಿನ ಬೀರುಗಳೂ ಸಿಗುತ್ತವೆ, ಬಣ್ಣ ನೋಡಿ ಮೋಸ ಹೋಗಬೇಡಿ, ಪರೀಕ್ಷೆಯ ಸರ್ಟಿಫಿಕೇಟ್ ಕೇಳಿ.

ಆಸಿಡ್ ವಿಷಯ ಬೇರೆ. ಅದರ ಹಬೆ ಉಕ್ಕನ್ನು ತಿನ್ನುತ್ತದೆ, ಮೊದಲು ಹೋಗುವುದು ಕೀಲು ಮತ್ತು ತಿರುಪು, ಆಮೇಲೆ ಒಂದು ದಿನ ತುಂಬಿದ ಹಲಗೆಯೇ ಕುಸಿಯುತ್ತದೆ. ಪಾಲಿಪ್ರೊಪಿಲೀನ್ ಥರದ ಪ್ಲಾಸ್ಟಿಕ್ ಬೀರು ಇಲ್ಲಿ ಒಳ್ಳೆಯದು. ಆದರೆ ಆಸಿಡ್ ಅಂತ ಬರೆದದ್ದನ್ನೆಲ್ಲ ಒಂದೇ ಕಡೆ ತುಂಬಬೇಡಿ, ಎಷ್ಟೋ ಜನ ಎಡವುವುದು ಇಲ್ಲೇ. ನೀರು ಬೆರೆಸದ ಅಸಿಟಿಕ್ ಆಸಿಡ್ ಸ್ವತಃ ಹೊತ್ತಿಕೊಳ್ಳುವಂಥದ್ದು, ನೈಟ್ರಿಕ್ ಆಸಿಡ್ ಉರಿಯುವುದಕ್ಕೆ ಕುಮ್ಮಕ್ಕು ಕೊಡುವಂಥದ್ದು, ಇವೆರಡೂ ಪಕ್ಕಪಕ್ಕ ಇದ್ದರೆ ಏನಾಗಬಹುದು ಹೇಳಿ. ಬ್ಲೀಚ್ ಪಕ್ಕ ಆಸಿಡ್ ಇಟ್ಟು ಎರಡೂ ಸೋರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಒಂದು ದೊಡ್ಡ ಬೀರಿಗಿಂತ ಎರಡು ಚಿಕ್ಕ ಬೀರು ಮೇಲು ಅಂತ ನಾನು ಹೇಳುವುದು ಇದಕ್ಕೇ.

ಬೀರಿನ ಪಕ್ಕದಲ್ಲಿ ಮುಚ್ಚಳ ಹಾಕಿದ ತೂತುಗಳಿರುತ್ತವೆ, ಗಾಳಿಯ ಕೊಳವೆ ಜೋಡಿಸಲು. ಕೊಳವೆ ಇಲ್ಲವಾದರೆ ಮುಚ್ಚಳ ತೆಗೆಯಬೇಡಿ, ಬೆಂಕಿ ತಡೆಯುವ ಶಕ್ತಿಯೇ ಹೋಗುತ್ತದೆ. ನೀವಾಗಿ ಡ್ರಿಲ್ ಹಿಡಿದು ಹೊಸ ತೂತು ಕೊರೆಯುವುದಂತೂ ಬೇಡವೇ ಬೇಡ.

ಜಾಗ ಹುಡುಕುವಾಗ ಹೊರಹೋಗುವ ಬಾಗಿಲ ಪಕ್ಕ, ಮೆಟ್ಟಿಲ ಕೆಳಗೆ, ಹೀಟರ್ ಹತ್ತಿರ ಬೇಡ. ಭಾರದ ಕ್ಯಾನು ಕೆಳಗಿನ ಹಲಗೆಗೆ, ದ್ರವ ಯಾವುದೂ ಕಣ್ಣಿನ ಮಟ್ಟಕ್ಕಿಂತ ಮೇಲೆ ಬೇಡ. ತಾನಾಗಿ ಮುಚ್ಚುವ ಬಾಗಿಲಿನ ಬೀರು ತಂದು, ತೆರೆದೇ ಇರಲಿ ಅಂತ ಇಟ್ಟಿಗೆ ಒತ್ತರಿಸಿ ಇಡುವವರು ಇದ್ದೇ ಇರುತ್ತಾರೆ. ಅಂಥ ಇಟ್ಟಿಗೆ ಕಂಡರೆ ಎತ್ತಿ ಆಚೆ ಹಾಕಿ.

ಇನ್ನು ಆ ಲೇಬಲ್ ಇಲ್ಲದ ಕ್ಯಾನು. ಅದು ಯಾವ ಬೀರಿಗೂ ಸೇರುವುದಿಲ್ಲ, ಯಾಕೆಂದರೆ ಯಾವುದರ ಜೊತೆ ಇಡಬಹುದು ಅಂತ ಗೊತ್ತಿಲ್ಲ ಅಲ್ವಾ. ಮುಚ್ಚಳ ತೆಗೆದು ಮೂಸಿ ನೋಡಬೇಡಿ. ಬೇರೆಯಾಗಿ ಇಟ್ಟು, ಮುಟ್ಟಬಾರದು ಅಂತ ಚೀಟಿ ಅಂಟಿಸಿ, ಅಪಾಯಕಾರಿ ಕಸ ವಿಲೇವಾರಿ ಮಾಡುವವರನ್ನು ಕರೆಸಿ.